ಕೂಗಿನ ನಿಯಮ

ನಮ್ಮಣ್ಣ ಶಿವಸ್ವಾಮಿ ನಂಜನಗೂಡಿನಲ್ಲಿ ಲೈಸೆನ್ಸ್ ಸರ್ವೇಯರ್. ಹಗಲೆಲ್ಲ ಬಿಳಿಗೆರೆ, ತಗಡೂರು ಕಡೆಯ ಹೊಲಗಳಲ್ಲಿ ಅಳತೆ ಮಾಡುತ್ತಾ, ದಾಯಾದಿಗಳ ಬೈಗುಳ ತಿನ್ನುತ್ತಾ, ಹದ್ದುಬಸ್ತಿಗೆ ಕಲ್ಲು ನೆಡಿಸಿ ಬರುತ್ತಾನೆ. ಅಂಥವನು ಒಂದು ಆಟ ಕಟ್ಟಿದರೆ ಹೇಗಿರುತ್ತದೆ? ಹಾಗೇ ಇತ್ತು.

ಆಟದ ಹೆಸರು ‘ಪಾಳೇಪಟ್ಟು’. ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವುದು. ಕತೆ ನಡೆಸುವವನು ಅಣ್ಣ. ನಾನು ನಾಟಿ ವೈದ್ಯೆ. ನಮ್ಮ ಬೀದಿಯ ಕಾಂಪೌಂಡರ್ ಮರಿಸ್ವಾಮಿ ಗೂಢಚಾರ. ಅಣ್ಣನ ಜೀವದ ಗೆಳೆಯ, ಕಳಲೆಯ ಮಧುಕುಮಾರ, ಕೋಟೆ ಕಾಯುವ ಬಂಟ. ನಾವು ಆಡಿದ್ದೇ ಕತೆ, ದಾಳ ಬಿದ್ದದ್ದೇ ಹಣೆಬರಹ. ಮಾತಿನ ಭಾಗವೇನೋ ಸೊಗಸು. ಕಾಳಗ ಶುರುವಾದರೆ ಮಾತ್ರ ದೇವರೇ ಗತಿ. ಚೌಕಳಿ ಹಾಳೆಯ ಮೇಲೆ ನಮ್ಮ ನಮ್ಮ ಹುಣಸೆಬೀಜ ಇಟ್ಟು, ಯಾರ ಮುಖ ಯಾವ ಕಡೆ, ಬದು ಎಷ್ಟು ಎತ್ತರ, ಮೆದೆಯ ಮರೆ ಎಷ್ಟು, ಗಾಳಿ ಎತ್ತಣದ್ದು, ಎಲ್ಲಕ್ಕೂ ಲೆಕ್ಕ. ಒಂದು ಬಾಣ ಬಿಡುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು.

ಕೂಗಿನ ನಿಯಮವೊಂದು ಮಾತ್ರ ಮಧುಕುಮಾರ ಸೇರಿಸಿದ್ದು. ಕಾಳಗದಲ್ಲಿ ಬಿದ್ದವನು ತಕ್ಷಣ ಸಾಯುವುದಿಲ್ಲ. ಅವನ ಸರದಿ ಬಂದಾಗ ಜೊತೆಯವರಲ್ಲಿ ಯಾರಾದರೂ ಹೆಸರು ಹಿಡಿದು ಕೂಗಬೇಕು. ಕೂಗಿದರೆ ಇನ್ನೂ ಉಸಿರಿದೆ ಎಂದು ಲೆಕ್ಕ. ಕೂಗದೆ ಸರದಿ ದಾಟಿದರೆ ಅವನು ಹೋದ, ಬೀಜ ಎತ್ತಿಬಿಡಬೇಕು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಮಧುವಿನ ಬಂಟ ಬಿದ್ದ. ಹೊತ್ತಾಯಿತೆಂದು ಆಟವನ್ನು ಅರ್ಧಕ್ಕೇ ನಿಲ್ಲಿಸಿದೆವು. ಮುಂದಿನ ಭಾನುವಾರ ಅವನ ಪಾಲಿಗೆ ಬರಲೇ ಇಲ್ಲ. ತಿ. ನರಸೀಪುರದ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಗುದ್ದಿತು.

ಆಟವನ್ನೇ ಬಿಟ್ಟುಬಿಡೋಣ ಅಂದುಕೊಂಡಿದ್ದೆವು. ಆದರೆ ಅವನ ತಾಯಿ ಪುಟ್ಟಗೌರಮ್ಮ, “ಮೊದ್ಲಿನಂಗೇ ನಮ್ಮನೇಲೇ ಬಂದು ಆಡ್ರಪ್ಪ” ಎಂದು ಹೇಳಿಕಳಿಸಿದರು. ಹೋದೆವು. ಅಣ್ಣ ಮಧುವಿನ ಬೀಜವನ್ನು ಬಿದ್ದ ಚೌಕದಲ್ಲೇ ಇಟ್ಟ. ಅವನ ಸರದಿ ಬಂತು. ಅಣ್ಣ ಗಂಟಲು ಸರಿಮಾಡಿಕೊಂಡು “ಮಧೂ” ಎಂದು ಕೂಗಿದ.

ಒಳಗಿನಿಂದ ಸಣ್ಣಗೆ ಕೇಳಿಸಿತು. “ಊಂ.”

ನಾನು ದೆವ್ವಗಿವ್ವ ನಂಬುವವಳಲ್ಲ. ಆದರೆ ನನ್ನ ಕಿವಿಯನ್ನು ನಾನು ನಂಬದೆ ಇನ್ಯಾರು ನಂಬಬೇಕು? ಗಂಡಿನದೋ ಹೆಣ್ಣಿನದೋ ತಿಳಿಯದಷ್ಟು ಸಣ್ಣ ದನಿ. “ಇಲಿ ಇರ್ಬೇಕು” ಎಂದ ಮರಿಸ್ವಾಮಿ. ಇಲಿ ಊಂ ಅನ್ನುತ್ತದೆಯೇ? ನಾವು ಆಡುವ ಹೊತ್ತಿಗೆ ಪುಟ್ಟಗೌರಮ್ಮ ಹಿತ್ತಲ ಕೊಟ್ಟಿಗೆಯಲ್ಲಿರುತ್ತಾರೆ ಎಂದೇ ತಿಳಿದಿದ್ದೆವು; ಒಳಗೆ ಹೋಗಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಕಾಳಗ ಮುಗಿಯಿತು, ಬೇರೆ ಕಾಳಗಗಳು ಬಂದವು. ಮಧುವಿನ ಬೀಜವನ್ನು ಮಾತ್ರ ಯಾರೂ ಎತ್ತಲಿಲ್ಲ. ಪ್ರತಿ ಸರದಿಗೂ ಕೂಗು, ಕೂಗಿಗೊಂದು ಊಂ. ಬಸ್ಸಿನಲ್ಲಿ ಕೂತಾಗಲೂ ನನಗೆ ಅದೇ ಕೇಳುತ್ತಿತ್ತು. ಅಣ್ಣನಂತೂ ಊಟ ಮಾಡುತ್ತಾ ತುತ್ತು ಹಿಡಿದುಕೊಂಡೇ ಕಿವಿಗೊಟ್ಟು ಕೂತುಬಿಡುತ್ತಿದ್ದ.

ಈ ವರ್ಷ, ಆಟದ ಪುಸ್ತಕವನ್ನು ಅಚ್ಚುಹಾಕಿದ್ದ ಮೈಸೂರಿನವರು ಎರಡನೇ ಆವೃತ್ತಿ ಕೇಳಿದರು. ಷರತ್ತು ಒಂದೇ: ಕಾಳಗದ ನಿಯಮ ಎರಡು ಪುಟ ದಾಟಬಾರದು, ಆಡುವವರು ಅರ್ಧಕ್ಕೇ ಎದ್ದು ಹೋಗುತ್ತಿದ್ದಾರೆ. ಅಣ್ಣ ಮನಸ್ಸು ಗಟ್ಟಿಮಾಡಿ ಕತ್ತರಿಸಿದ. ಮುಖದ ದಿಕ್ಕು ಹೋಯಿತು, ಬದು ಹೋಯಿತು, ಗಾಳಿ ಹೋಯಿತು. ಅಳತೆಯನ್ನೇ ಉಸಿರಾಡುವ ಮನುಷ್ಯ ದೂರವನ್ನೆಲ್ಲ ಮೂರು ಮಾತಿಗೆ ಇಳಿಸಿದ: ಕೈಗೆಟಕು, ಕಲ್ಲೆಸೆತ, ಕಣ್ಣಳತೆ. ಉಳಿದದ್ದು ಕೂಗು. ಬಿದ್ದವನು ಬಿದ್ದ ಅಂದರೆ ಸಾಕು, ಅದನ್ನೂ ತೆಗೆಯಿರಿ ಎಂದರು ಮೈಸೂರಿನವರು.

“ತೆಗ್ದು ಬಿಸಾಕಣ್ಣ. ನಂಗೆ ಆ ಮನೆಗೆ ಬರಕ್ಕೇ ಭಯ ಆಯ್ತದೆ” ಎಂದು ನಾನು ರೇಗಿದೆ.

“ತೆಗುದ್ರೆ ನಾನೇ ಅವನ್ನ ಸಾಯಿಸ್ದಂಗಾಗಲ್ವಾ ಶಾಲೂ?” ಎಂದ. ಅವನ ಕಣ್ಣು ತುಂಬಿತ್ತು.

ಕೊನೆಗೂ ತೆಗೆದ. ಭಾದ್ರಪದದ ಭಾನುವಾರ, ಹೊಸ ನಿಯಮದಲ್ಲಿ ಒಮ್ಮೆ ಆಡಿ ನೋಡೋಣವೆಂದು ಕಳಲೆಗೆ ಹೋದೆವು. ಅಭ್ಯಾಸ ಬಲದಿಂದ ಮಧುವಿನ ಬೀಜವನ್ನೂ ಇಟ್ಟೆವು. ಕಾಳಗ ಸರಸರ ಓಡಿತು. ಮಧುವಿನ ಸರದಿ ಬಂತು. ಅಣ್ಣ ತಲೆ ತಗ್ಗಿಸಿಕೊಂಡು ದಾಳವನ್ನು ನನ್ನ ಕಡೆಗೆ ಸರಿಸಿದ.

ಪುಟ್ಟಗೌರಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಆಚೆ ಬಂದರು. “ಯಾಕ್ಲಾ ಸ್ವಾಮಿ, ಅವನ್ನ ಕೂಗ್ನೇ ಇಲ್ಲ?”

“ಆ ರೂಲು ತೆಗ್ದಿವ್ನಿ ಕಣವ್ವಾ. ಆಟ ಲೇಟಾಯ್ತದೆ ಅಂತ...”

“ನೀವು ಕೂಗ್ದಾಗೆಲ್ಲ ನಾನು ಒಳಗಿಂದ ಊಂ ಅಂತಿದ್ದೆ ಕಣಪ್ಪ. ಅವನ್ಗಂತೂ ಅನ್ನಕಾಗಕಿಲ್ವಲ್ಲ.”

ಭಯ ಬಿಟ್ಟಿತು. ಆದರೆ ಅದು ಬಿಟ್ಟ ಜಾಗದಲ್ಲಿ ಬಂದು ಕೂತದ್ದು ಭಯಕ್ಕಿಂತ ಭಾರವಾಗಿತ್ತು.

ಡೈರಿಗೆ ಹಾಲು ಹಾಕಿ ಬಂದ ಅವರ ಹಿರಿಮಗ ಚಿಕ್ಕಸ್ವಾಮಿ ಬಾಗಿಲಲ್ಲೇ ನಿಂತಿದ್ದ. “ಅದ್ಕೇ ನಮ್ಮವ್ವ ಎಡೆ ಇಡಕ್ಕೆ ಬಿಡ್ತಿರ್ನಿಲ್ಲ” ಎಂದ. “ಪಿತೃಪಕ್ಷದಲ್ಲಿ ಅಪ್ಪಂಗೆ ಇಡ್ತೀವಿ. ಬಾಗ್ಲು ಮುಚ್ಚಿ ಆಚೆ ನಿಂತ್ಕತೀವಿ, ಬಂದು ಉಂಡೋಗ್ಲಿ ಅಂತ. ತಮ್ಮಂಗೆ ಮಾತ್ರ ಬ್ಯಾಡ ಅಂತಾಳೆ. ‘ಸತ್ತೋರ್ಗೆ ಎಡೆ, ಅವನ್ಗಿನ್ನೂ ಉಸ್ರೈತೆ, ಅಲ್ಲಿ ಕೂಗ್ತಾವ್ರೆ’ ಅಂತಾಳೆ. ಮೂರು ವರ್ಸದಿಂದ ಉಪಾಸ ಅವ್ನೆ ಸ್ವಾಮೀ ನನ್ ತಮ್ಮ.”

ಅಣ್ಣ ಗೆಳೆಯನನ್ನು ಉಳಿಸಿಕೊಂಡಿದ್ದೇನೆ ಅಂದುಕೊಂಡಿದ್ದ, ಪಾಪ. ಈಗ ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ಜಾಗ ಬಿಟ್ಟ.

“ಕೂತ್ಕಳಿ ಅವ್ವಾ. ಇದೊಂದು ಸರ್ದಿ ಹಳೇ ರೂಲ್ನಲ್ಲೇ ಆಡಾಣ. ಕೂಗಾದು ನಿಮ್ದು. ಕೂಗುದ್ರೆ ಇನ್ನೂ ಅವ್ನೆ. ಬರೋ ಭಾನ್ವಾರನೂ ಬತ್ತೀವಿ, ಕೂಗ್ತೀವಿ, ಬೇಕಾದ್ರೆ ಬುಕ್ಕಲ್ಲೂ ಹಂಗೇ ಉಳುಸ್ತೀನಿ. ಕೂಗ್ದಿದ್ರೆ...”

ಅವರು ಕೂತರು. ಬೀಜವನ್ನೇ ನೋಡಿದರು. ತುಟಿ ಮ ಎನ್ನಲು ಕೂಡಿಕೊಂಡಿತು, ಮತ್ತೆ ಬಿಟ್ಟಿತು. ಕೊಟ್ಟಿಗೆಯಲ್ಲಿ ಹಸು ಬಾಲ ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಅವರು ಕೂಗಲಿಲ್ಲ.

ಹಿಟ್ಟಿನ ಬೆರಳಿನಿಂದ ತಾವೇ ಬೀಜ ಎತ್ತಿದರು. ನನ್ನ ಕಡೆ ತಿರುಗಿ, “ನಿಂದು ಕಣವ್ವ ಈಗ, ಆಡು” ಎಂದರು. ಆಮೇಲೆ ಹಿರಿಮಗನ ಮುಖ ನೋಡದೆಯೇ ಹೇಳಿದರು:

“ಅಮಾಸೆಗೆ ಎರಡು ಎಲೆ ತತ್ತಾರ್ಲಾ.”