ಅಕ್ಕನಿಗೆ ನಾನು ಕೊಟ್ಟ ರಕ್ತ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆಯಿತು. ಕಾಮರ್ಸ್ ವಿಭಾಗದ ಎರಡು ಕೊಠಡಿಗಳಿಂದ ಡೆಸ್ಕುಗಳನ್ನು ಹೊರಗೆ ಹಾಕಿ ಮಂಚಗಳನ್ನು ಸಾಲಾಗಿ ಇಟ್ಟಿದ್ದರು. ಬಾಗಿಲ ಹತ್ತಿರ ಹೋಗುತ್ತಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದು ನಿಮಗೂ ಗೊತ್ತಿರುವ ವಾಸನೆಯೇ. ಎಷ್ಟೋ ವರ್ಷ ನನಗೆ ಆ ವಾಸನೆ ಬಂತೆಂದರೆ ಎದೆ ಉಬ್ಬುತ್ತಿತ್ತು. ಈ ಸಲ ಹೊಸ್ತಿಲಲ್ಲೇ ನಿಂತುಬಿಟ್ಟೆ.

ಎದೆ ಉಬ್ಬುತ್ತಿದ್ದುದಕ್ಕೆ ಕಾರಣವಿತ್ತು. ಅರಸೀಕೆರೆಯಲ್ಲಿ ಎಲ್ಲಿ ರಕ್ತದಾನ ಶಿಬಿರ ನಡೆದರೂ ನಾಲ್ಕು ಮಾತಾಡಲು ನನ್ನನ್ನು ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳ ಹಿಂದೆ ಅಕ್ಕ ಸುನಂದಾ ಹೆರಿಗೆಯಾಗಿ, ರಕ್ತಸ್ರಾವ ನಿಲ್ಲದೆ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಳು. ಅವಳದು ಓ ಗುಂಪು, ನನ್ನದೂ ಓ. ‘ಊರಲ್ಲೆಲ್ಲೂ ಓ ಗುಂಪಿನ ರಕ್ತ ಸಿಗಲಿಲ್ಲ. ನಾನೊಬ್ಬನೇ ಇದ್ದೆ. ಅಕ್ಕ ಉಳಿದಳು’ ಎಂದು ಹೇಳಿ ಒಂದು ಕ್ಷಣ ಸುಮ್ಮನಾಗುತ್ತಿದ್ದೆ. ಆ ಒಂದು ಕ್ಷಣ ಎಷ್ಟು ಉದ್ದವಿರಬೇಕು ಎಂಬುದು ವರ್ಷಗಳ ಅಭ್ಯಾಸದಿಂದ ನನಗೆ ಚೆನ್ನಾಗಿ ಗೊತ್ತಾಗಿತ್ತು. ಹಿಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಳ್ಳುವಷ್ಟು. ಮೇಷ್ಟರುಗಳಿಗೆ ಇಂಥ ಚಟಗಳಿರುತ್ತವೆ, ಕ್ಷಮಿಸಿ.

ಅಕ್ಕ ಇರುವುದು ಹಳೇಬೀಡಿನಲ್ಲಿ. ಹತ್ತಿರದ ಹುಲಿಕೆರೆಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಭಾವ ಶಿವಣ್ಣನವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಅಕ್ಕ ಕಡಿಮೆ ಮಾತಿನವಳು ಎಂದು ನಾವೆಲ್ಲ ನಂಬಿದ್ದೆವು. ಅಂಗನವಾಡಿಯಲ್ಲಿ ಅವಳ ದನಿ ಬೀದಿಯ ಆ ತುದಿಗೆ ಕೇಳಿಸುತ್ತದೆ ಎಂದು ಭಾವ ಹೇಳಿದಾಗ ನಾನು ತಮಾಷೆ ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಅವಳ ಕಾಲು ಊದಿಕೊಳ್ಳಲು ಶುರುವಾಯಿತು. ಬಿಪಿ ಎಂದರು, ಆಮೇಲೆ ಎರಡೂ ಕಿಡ್ನಿ ಹೋಗಿವೆ ಎಂದರು. ವಾರಕ್ಕೆ ಮೂರು ದಿನ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದೇ ಅವಳ ಬದುಕಾಯಿತು. ಕಿಡ್ನಿ ಕಸಿ ಮಾಡಿಸಬೇಕು ಎಂದರು. ಭಾವನಿಗೆ ಸಕ್ಕರೆ ಕಾಯಿಲೆ, ಅವರದು ಆಗದು. ಮಗಳು ದೀಪಾ ಮುಂದೆ ಬಂದಳು, ಅಕ್ಕ ‘ನೀನು ಆಸ್ಪತ್ರೆ ಮೆಟ್ಲು ಹತ್ತಿದ್ರೆ ನಾನು ಡಯಾಲಿಸಿಸ್‌ಗೂ ಹೋಗಲ್ಲ’ ಎಂದು ಬಾಯಿ ಮುಚ್ಚಿಸಿದಳು. ಉಳಿದವನು ನಾನು. ಒಂದು ನಿಮಿಷವೂ ಯೋಚಿಸಲಿಲ್ಲ. ನಿಜ ಹೇಳಬೇಕೆಂದರೆ, ಮುಂದಿನ ಶಿಬಿರದ ಭಾಷಣಕ್ಕೆ ಇದನ್ನೂ ಸೇರಿಸಬಹುದು ಎಂಬ ಯೋಚನೆ ಒಂದು ಮೂಲೆಯಲ್ಲಿ ಹಾದುಹೋಗಿತ್ತು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಳಾದವು. ನನ್ನ ಕಿಡ್ನಿ ಚೆನ್ನಾಗಿದೆ, ಹೃದಯ ಚೆನ್ನಾಗಿದೆ, ರಕ್ತದ ಗುಂಪು ಒಂದೇ. ಕೊನೆಯದೊಂದು ಪರೀಕ್ಷೆ ಬಾಕಿ ಎಂದರು. ಎರಡು ದಿನ ಬಿಟ್ಟು ರಕ್ತ ವಿಭಾಗದ ವೈದ್ಯೆ ನನ್ನೊಬ್ಬನನ್ನೇ ಕರೆಸಿದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ರಕ್ತ ಹಾಕಿಸಿಕೊಂಡವರಿಗೆ ಮುಂದೆ ಅಂಗ ಕಸಿ ಮಾಡುವಾಗ ಏನಾಗುತ್ತದೆ ಎಂಬುದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು. ಕಡತದಲ್ಲಿ ನನ್ನ ಊರು ಅರಸೀಕೆರೆ ಎಂದು ನೋಡಿ, ‘ನಮ್ಮಮ್ಮನ ಊರು ಗಂಡಸಿ ಕಣ್ರೀ’ ಎಂದು ನಕ್ಕರು. ಆಮೇಲೆ ನಗಲಿಲ್ಲ.

‘ಸರ್, ನಿಮ್ಮ ರಕ್ತದ ಬಿಳಿ ಕಣಗಳನ್ನ ನಿಮ್ಮಕ್ಕನ ರಕ್ತದ ತಿಳಿ, ಅಂದ್ರೆ ಸೀರಂ ಜೊತೆ ಬೆರೆಸಿ ನೋಡಿದ್ವಿ. ನಿಮ್ಮ ಕಣಗಳು ಸತ್ತುಹೋದವು.’

ನನಗೆ ಅರ್ಥವಾಗಲಿಲ್ಲ. ‘ಗುಂಪು ಒಂದೇ ಅಲ್ವಾ ಮೇಡಂ?’ ಎಂದೆ.

‘ಗುಂಪು ಒಂದೇ. ಆದ್ರೆ ಜೀವಕೋಶದ ಮೇಲೆ ಬೇರೆ ಗುರುತುಗಳಿರ್ತವೆ. ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರೋದು. ಅಪ್ಪನಿಂದ ನಿಮಗೆ ಬಂದಿರೋ ಗುರುತು ನಿಮ್ಮಕ್ಕನಲ್ಲಿ ಇಲ್ಲ. ಅದರ ವಿರುದ್ಧ ಅವರ ಮೈಯಲ್ಲಿ ಆಂಟಿಬಾಡಿಗಳು ತಯಾರಾಗಿ ನಿಂತಿವೆ. ತುಂಬ ಜೋರಾಗಿವೆ. ನಿಮ್ಮ ಕಿಡ್ನಿ ಹಾಕಿದ್ರೆ ಆಪರೇಷನ್ ಟೇಬಲ್ ಮೇಲೇ ಕಪ್ಪಾಗಬಹುದು.’ ಅಷ್ಟು ಹೇಳಿ, ಕಡತದಿಂದ ತಲೆಯೆತ್ತಿ ಕೇಳಿದರು. ‘ಯಾವಾಗಲಾದರೂ ಇವರಿಗೆ ನಿಮ್ಮ ರಕ್ತ ಹಾಕಿದ್ರಾ?’

ಆ ಪ್ರಶ್ನೆಗೆ ಅಷ್ಟೂ ವರ್ಷ ಹೆಮ್ಮೆಯಿಂದ ಉತ್ತರಿಸಿದ್ದವನು ನಾನು. ಅವತ್ತು ಬರೀ ತಲೆಯಾಡಿಸಿದೆ.

ಆಗಿನ ಬಾಟಲಿಗಳಲ್ಲಿ ಬಿಳಿ ಕಣಗಳೂ ಹಾಗೇ ಹೋಗುತ್ತಿದ್ದವಂತೆ. ಅಕ್ಕನ ದೇಹ ನನ್ನ ಕಣಗಳನ್ನು ನೋಡಿ ‘ಇವನು ಪರಕೀಯ’ ಎಂದು ಗುರುತು ಹಾಕಿಕೊಂಡಿತು, ಆ ನೆನಪನ್ನು ಇವತ್ತಿನವರೆಗೂ ಬಿಡಲಿಲ್ಲ. ಕಸಿ ಬೇಕಾಗಬಹುದಾದ ರೋಗಿಗೆ ಈಗ ಆದಷ್ಟೂ ರಕ್ತವನ್ನೇ ಹಾಕುವುದಿಲ್ಲ, ಹಾಕಲೇಬೇಕಾದರೆ ಬಿಳಿ ಕಣ ಸೋಸಿ ಹಾಕುತ್ತಾರೆ, ಮನೆಯವರ ರಕ್ತವನ್ನಂತೂ ಬೇಡವೆನ್ನುತ್ತಾರೆ. ವೈದ್ಯೆ ಸಮಾಧಾನದ ದನಿಯಲ್ಲಿ ಹೇಳಿದರು: ‘ಯಾರ ತಪ್ಪೂ ಅಲ್ಲ ಸರ್. ಆಗ ಬೇರೆ ದಾರಿ ಇರ್ಲಿಲ್ಲವಲ್ಲ.’

ಇಲ್ಲಿ ನಿಮ್ಮೆದುರು ಒಂದು ಮಾತು ಒಪ್ಪಿಕೊಳ್ಳಬೇಕು. ಬೇರೆ ದಾರಿ ಇತ್ತು.

ಅವತ್ತು ಹಾಸನದ ಬ್ಲಡ್ ಬ್ಯಾಂಕಿನಲ್ಲಿ ಓ ಗುಂಪಿನ ರಕ್ತವಿತ್ತು. ಒಂದು ಬಾಟಲಿ ಆಗಲೇ ಅಕ್ಕನಿಗೆ ಏರುತ್ತಿತ್ತು. ಅಲ್ಲಿದ್ದ ಹಿರಿಯ ನೌಕರರು, ‘ಇನ್ನೂ ಮೂರು ಐತೆ ಕಣಪ್ಪ, ತಗೊಂಡೋಗು. ನಿಂದು ಇಲ್ಲಿ ಕೊಟ್ಟಿರು, ಇನ್ಯಾರಿಗಾದ್ರೂ ಆಯ್ತದೆ’ ಎಂದರು. ನಾನು ಕೇಳಲಿಲ್ಲ. ಯಾರದೋ ರಕ್ತ ನನ್ನ ಅಕ್ಕನ ಮೈಗೆ ಬೇಡ, ನನ್ನದೇ ಆಗಬೇಕು ಎಂದು ಹಟ ಹಿಡಿದೆ. ಇಪ್ಪತ್ತೊಂದರ ವಯಸ್ಸು, ದನಿ ಏರಿಸಿದೆ. ಅವರು ಬೇಸತ್ತು, ನನ್ನ ತೋಳು ಕಟ್ಟಿ, ನನ್ನ ಬಾಟಲಿಯನ್ನೇ ಪರೀಕ್ಷಿಸಿ ಕಳಿಸಿದರು. ‘ಎಲ್ಲೂ ಸಿಗಲಿಲ್ಲ’ ಎಂಬುದು ಮೊದಲ ಶಿಬಿರದ ಭಾಷಣದಲ್ಲಿ ತಾನಾಗಿ ಬಾಯಿಗೆ ಬಂದ ಮಾತು. ಚಪ್ಪಾಳೆ ಬಿತ್ತು. ಆಮೇಲೆ ಅದೇ ನಿಜವಾಗಿಬಿಟ್ಟಿತ್ತು, ನನಗೂ.

ಅಕ್ಕನಿಗೆ ‘ಹೊಂದಾಣಿಕೆ ಆಗ್ಲಿಲ್ಲವಂತೆ’ ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ನನ್ನ ಜೊತೆ ಅರಸೀಕೆರೆಯಲ್ಲೇ ಇರುವ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ‘ನಂದು ನೋಡ್ಲಿ.’ ಅರವತ್ತಾರು ವರ್ಷ, ಬಿ ಗುಂಪು. ಗುಂಪೇ ಬೇರೆ ಕಣಮ್ಮ ಎಂದೆ. ಅದೂ ನನ್ನ ಅಜ್ಞಾನವೇ. ಅಮ್ಮನ ಗುರುತುಗಳ ವಿರುದ್ಧ ಅಕ್ಕನಲ್ಲಿ ಏನೂ ಇರಲಿಲ್ಲ. ಗುಂಪಿನ ತಕರಾರೊಂದೇ. ಅದನ್ನು ದಾಟುವ ದಾರಿಯನ್ನು ಈಗ ಕಂಡುಕೊಂಡಿದ್ದಾರೆ. ಅಕ್ಕನ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪ್ಲಾಸ್ಮಾವನ್ನು ಬೇರ್ಪಡಿಸಿ ತೆಗೆದು, ಅದರೊಂದಿಗೆ ಬಿ ಗುಂಪನ್ನು ಹೊಡೆಯುವ ಆಂಟಿಬಾಡಿಗಳನ್ನೂ ಹೊರಹಾಕುವುದು. ಐದು ಸಲ ಹಾಗೆ ಮಾಡಿದರು. ಕೊಳವೆಯಲ್ಲಿ ತಿಳಿ ಹಳದಿ ನೀರು ಹೋಗುವುದನ್ನು ಅಮ್ಮ ಕುರ್ಚಿ ಎಳೆದುಕೊಂಡು ಕೂತು ನೋಡಿದಳು. ‘ಇದ್ರೊಳ್ಗೆ ನನ್ನ ಬೇಡ ಅನ್ನೋದು ಐತಾ?’ ಎಂದು ವೈದ್ಯೆಯನ್ನು ಕೇಳಿದಳು. ‘ಐತೆ ಅಜ್ಜಿ, ಹೋಗ್ತಾ ಐತೆ’ ಎಂದರು ಅವರು, ಗಂಡಸಿಯ ದನಿಯಲ್ಲೇ.

ಎರಡನೆಯ ಆಘಾತ ನನಗೆ ಕಾದಿದ್ದು ನಾಲ್ಕನೆಯ ಸಲದ ದಿನ. ವೈದ್ಯೆ ತಮ್ಮ ಸಂಶೋಧನೆಗೆ ಅಕ್ಕನ ರಕ್ತದ ಮಾದರಿ ಬಳಸಲು ಒಪ್ಪಿಗೆ ಕೇಳಿದರು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಯಾಕೆ ತನ್ನದೇ ಬೇಕು ಎಂದು ಅಕ್ಕ ಕೇಳಿದಳು, ಅವರು ಎಲ್ಲವನ್ನೂ ಹೇಳಿದರು. ನಾನು ಚಹಾ ಕುಡಿದು ವಾರ್ಡಿಗೆ ಬರುವಷ್ಟರಲ್ಲಿ ಅಕ್ಕ ಕಾಯುತ್ತಿದ್ದಳು.

‘ನೀನು ಕೊಟ್ಟ ರಕ್ತದಿಂದ್ಲಂತೆ’ ಎಂದಳು.

‘ಹೂಂ ಅಕ್ಕ.’

‘ಇರ್ಲಿ ಬಿಡೋ. ಅವತ್ತು ಬೇರೆ ಎಲ್ಲೂ ಸಿಗ್ಲಿಲ್ಲವಲ್ಲ, ನೀನೇನ್ ಮಾಡ್ತಿದ್ದೆ?’

ಅವಳು ನನ್ನನ್ನು ಸಂತೈಸುತ್ತಿದ್ದಳು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನಿಂದಾಗಲಿಲ್ಲ. ‘ಸಿಕ್ಕಿತ್ತಕ್ಕ’ ಎಂದೆ. ‘ಮೂರು ಬಾಟ್ಲಿ ಇತ್ತು. ನಾನೇ ಹಟ ಮಾಡಿ ನಂದು ಹಾಕ್ಸಿದೆ.’

ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.  ಅಕ್ಕ ಅದನ್ನೇ ನೋಡುತ್ತ, ದನಿ ಏರಿಸದೆ ಮಾತಾಡಿದಳು.

‘ನೀನಿಲ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ ಅಂತ ಇಷ್ಟು ವರ್ಷ ನಂಬಿದ್ದೆ ಕಣೋ. ಅಪ್ಪ ಹೋದ್ಮೇಲೆ ತೋಟದ ಹಕ್ಕು ಬಿಡುಗಡೆ ಪತ್ರ ತಂದೆಯಲ್ಲ, ಓದ್ದೇ ಸಹಿ ಹಾಕ್ದೆ. ನಿನ್ ಭಾವ ಕೇಳಿದ್ರು, ಯಾಕೆ ಒಂದು ಮಾತೂ ಆಡ್ಲಿಲ್ಲ ಅಂತ. ನನ್ನ ಮೈಯಲ್ಲಿ ಓಡಾಡ್ತಿರೋದು ಅವನ ರಕ್ತ, ಅವನ ಹತ್ರ ಏನಂತ ಕೇಳ್ಲಿ ಅಂದೆ. ದೀಪನ ಮದ್ವೇಲಿ ನೀನು ಎಲ್ರೆದುರು ಆ ಕಥೆ ಹೇಳ್ದಾಗ್ಲೂ ತಲೆ ತಗ್ಗಿಸ್ಕೊಂಡು ಕೂತಿದ್ದೆ. ಎಷ್ಟು ಮಾತು ನುಂಗಿದೀನಿ ಗೊತ್ತಾ?’

ಗೊತ್ತಿರಲಿಲ್ಲ. ನಮ್ಮಕ್ಕ ಕಡಿಮೆ ಮಾತಿನವಳು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಳ ಮಾತು ಕಡಿಮೆಯಾದದ್ದು ನನ್ನೆದುರು ಮಾತ್ರ.   ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳು ಅತ್ತಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಆಪರೇಷನ್ ಆದ ದಿನ ಮಧ್ಯಾಹ್ನವೇ ಅಮ್ಮನ ಕಿಡ್ನಿ ಅಕ್ಕನ ಮೈಯಲ್ಲಿ ಕೆಲಸ ಶುರು ಮಾಡಿತು. ಅಮ್ಮ ಎಚ್ಚರವಾದವಳೇ ‘ಒಂದಕ್ಕೆ ಹೋದ್ಲಾ?’ ಎಂದು ಕೇಳಿದಳು. ಮೊದಲ ಎರಡು ವಾರ ದಿನವೂ ಆಂಟಿಬಾಡಿಗಳ ಮಟ್ಟ ಅಳೆಯುತ್ತಿದ್ದರು. ಒಮ್ಮೆ ಏರಿತು, ಆಮೇಲೆ ಇಳಿಯಿತು. ಈಗ ವರ್ಷವಾಯಿತು. ಅಕ್ಕ ಮತ್ತೆ ಅಂಗನವಾಡಿಗೆ ಹೋಗುತ್ತಿದ್ದಾಳೆ. ಅಮ್ಮ ಮೊದಲಿನಂತೆಯೇ ನನ್ನ ಹೆಂಡತಿಯ ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಾಳೆ. ಅಕ್ಕ ಮಾತ್ರ ಆರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ವಿಷಯವೇನಿದ್ದರೂ ಭಾವನ ಫೋನಿನಲ್ಲಿ.

ಅಂದಹಾಗೆ, ಹೋದ ತಿಂಗಳ ಶಿಬಿರದಲ್ಲಿ ನಾನು ರಕ್ತ ಕೊಟ್ಟೆ. ಯಾರಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಭಾಷಣವನ್ನು ಬೇರೆಯವರು ಮಾಡಿದರು.

ಅಕ್ಕ ಮಾತು ಬಿಟ್ಟಿದ್ದಾಗಲೇ, ತೋಟದ ಅರ್ಧವನ್ನು ಅವಳ ಹೆಸರಿಗೆ ಬರೆದುಕೊಡುತ್ತೇನೆ ಎಂದು ಭಾವನ ಮೂಲಕ ಹೇಳಿ ಕಳಿಸಿದಾಗ ಬಂದ ಉತ್ತರ ‘ನೋಡೋಣ’ ಎಂದಷ್ಟೇ. ಹೋದ ಸೋಮವಾರ ಮಾಸ್ಕ್ ಹಾಕಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದಳು. ಪತ್ರ ಬರಹಗಾರರು ಸಹಿಯ ಜಾಗ ತೋರಿಸಿ ಪೆನ್ನು ಕೊಟ್ಟರು. ಅಕ್ಕ ಪೆನ್ನನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಹಾಕಿಕೊಂಡು ಮೊದಲ ಪುಟದಿಂದ ಓದತೊಡಗಿದಳು. ಹಿಂದೆ ನಿಂತವರು ಗೊಣಗಿದರು. ಅವಳು ತಲೆಯೆತ್ತಲಿಲ್ಲ. ಮೂರನೆಯ ಪುಟಕ್ಕೆ ಬಂದಾಗ ಬೆರಳಿಟ್ಟು ನನ್ನನ್ನು ನೋಡಿದಳು.

‘ಬೋರ್‌ವೆಲ್ ಯಾರ ಪಾಲಿಗೆ ಅಂತ ಬರ್ದೇ ಇಲ್ವಲ್ಲೋ?’

ಅಂಗನವಾಡಿಯ ದನಿ. ಕಚೇರಿಯವರೆಲ್ಲ ತಿರುಗಿ ನೋಡಿದರು. ನಾನು ಅವಳ ಪಕ್ಕದ ಬೆಂಚಿನಲ್ಲಿ ಕೂತು, ‘ಬರೆಸೋಣ ಅಕ್ಕ, ಮುಂದಕ್ಕೆ ಓದು’ ಎಂದೆ.