ಅಕೋರ್ಫಾ ಅಜ್ಜಿ ಹಾಡದ ಸಂಜೆ

ಅಕೋರ್ಫಾ ಅಜ್ಜಿಗೆ ಪೂರ್ತಿ ಕಥೆ ಒಂದೂ ಬರುತ್ತಿರಲಿಲ್ಲ. ಆದರೂ ಕಡಲತಡಿಯ ಕೇಟಾ ಊರಿನ ನಮ್ಮ ಅಂಗಳದ ಮಕ್ಕಳೆಲ್ಲ ನಮ್ಮ ಎವೆ ಭಾಷೆಯಲ್ಲಿ ಕಥೆ ಕಟ್ಟಲು ಕಲಿತದ್ದು ಅವಳಿಂದಲೇ. ಹಗಲೆಲ್ಲ ಮೀನಿಗೆ ಹೊಗೆ ಹಾಕಿ ಕಣ್ಣು ಕೆಂಪಾಗಿಸಿಕೊಂಡು, ಸಂಜೆ ಒಲೆ ಆರುವ ಹೊತ್ತಿಗೆ ಮಕ್ಕಳ ನಡುವೆ ಬಂದು ಕೂರುತ್ತಿದ್ದಳು. ಹಿನ್ನೀರಿನ ಮೇಲೆ ಬೆಳಕು ಇಷ್ಟಿಷ್ಟೇ ಕರಗುತ್ತ, ನೀರು ಯಾವುದು ಆಕಾಶ ಯಾವುದು ಎಂದು ತಿಳಿಯದಾಗುತ್ತಿತ್ತು.

ಯಾವ ಮಗುವಿಗೆ ಕಥೆಯ ಎಳೆ ತಪ್ಪಿದರೂ ಅಜ್ಜಿ ಎದ್ದು ನಿಲ್ಲುವಳು. "ನಿಲ್ಸು ಕಥೇನ. ಅವತ್ತು ನಾನೂ ಅಲ್ಲೇ ಇದ್ದೆ" ಎಂದು ಹಾಡು ತೆಗೆಯುವಳು. ಕೇಳುವವರು ಹೀಗೆ ನಡುವೆ ಬಾಯಿ ಹಾಕಿ ಹಾಡುವುದು ನಮ್ಮಲ್ಲಿ ತಪ್ಪಲ್ಲ, ಮರ್ಯಾದೆ. ನಾವೆಲ್ಲ ಚಪ್ಪಾಳೆ ತಟ್ಟಿ ಮುಗಿಸುವಷ್ಟರಲ್ಲಿ ಮಗುವಿಗೆ ಎಳೆ ಸಿಕ್ಕಿರುತ್ತಿತ್ತು.

ಅವಳ ಮೊಮ್ಮಗಳು ದೆಲಾಲಿಯದೇ ಫಜೀತಿ. ಅವಳ ಕಥೆಯಲ್ಲಿ ಆಡಿನ ಮರಿ ನಡೆಯಿತು, ಆಮೇಲೆ ನಡೆಯಿತು, ಆಮೇಲೆ ನಡೆಯಿತು. ಯಾಕೆ ನಡೆಯಿತೆಂದು ಆ ಮರಿಗೂ ಗೊತ್ತಿಲ್ಲ. ತಡವರಿಸಿದಲ್ಲೆಲ್ಲ ಅಜ್ಜಿಯ ಮುಖ ನೋಡುವಳು, ಅಜ್ಜಿ ಹಾಡುವಳು. ಕೊನೆಕೊನೆಗೆ ಹಾಡಿನ ಆಸೆಗೇ ನಿಲ್ಲತೊಡಗಿದಳು.

"ನಿನ್ನ ಮರಿ ಊರು ಸೇರೋ ಹೊತ್ಗೆ ಅದಕ್ಕೂ ಗಡ್ಡ ಬರತ್ತೆ, ನನಗೂ ಬರತ್ತೆ" ಎಂದ ಒಂದು ಸಂಜೆ ಅವಳ ಚಿಕ್ಕಪ್ಪನ ಮಗ ಕೊಜೊ.

ದೆಲಾಲಿಗೆ ಉರಿದುಹೋಯಿತು. "ಇವತ್ತು ಪೂರ್ತಿ ಹೇಳ್ತೀನಿ. ಹೇಳ್ದಿದ್ರೆ ಇನ್ ಜನ್ಮದಲ್ಲಿ ಕಥೆ ಹೇಳಲ್ಲ ನೋಡು." ಮಹಾ ಹಟಮಾರಿ ಹುಡುಗಿ, ಆಡಿದಂತೆ ಮಾಡುವವಳೇ.

"ಕಥೆ ಬರ್ತಿದೆ, ಕೇಳ್ರೋ" ಎಂದಳು. "ಬರಲಿ ಬರಲಿ" ಎಂದೆವು. ಮರಿ ಹೊರಟಿತು. ಮಳೆ ಬಂತು. ಆಮೇಲೆ ಹೊಳೆ ಬಂತು. ಮರಿ ನೀರಿನ ಅಂಚಿನಲ್ಲಿ ನಿಂತಿತು, ದೆಲಾಲಿಯೂ ನಿಂತಳು. ಅಜ್ಜಿ ಕೂತೇ ಇದ್ದಳು. ನನಗೋ ಮುದುಕಿಯ ಮೇಲೆ ಕೆಂಡದಂಥ ಕೋಪ. ಪಕ್ಕದ ಮನೆಯವಳಾದ ನಾನೇ ಹಾಡೋಣವೆಂದು ಬಾಯಿ ತೆರೆದರೆ, ಅಜ್ಜಿ ನನ್ನ ತೊಡೆ ಜಿಗುಟಿದಳು.

"ಅಜ್ಜಿ, ಅವತ್ತು ನೀನು ಅಲ್ಲಿರ್ಲಿಲ್ವಾ?" ದೆಲಾಲಿ ಅಜ್ಜಿಯತ್ತ ತಿರುಗಿದಳು.

"ಇರ್ಲಿಲ್ಲ ಕಣವ್ವ. ನೀನೊಬ್ಳೇ ಇದ್ದೆ. ಮರಿ ಯಾಕೆ ನಿಂತ್ಕೊಂಡ್ತು?"

ದೆಲಾಲಿ ಕತ್ತಲಾಗುತ್ತಿದ್ದ ನೀರನ್ನೇ ನೋಡಿದಳು. ಅಜ್ಜಿಯ ಕೈ ನನ್ನ ತೊಡೆಯ ಮೇಲೆ ಹಾಗೇ ಇತ್ತು, ತಣ್ಣಗಾಗಿತ್ತು.

"ಅದಕ್ಕೆ ಭಯ ಆಗಿತ್ತು" ಎಂದಳು ದೆಲಾಲಿ. "ಆಚೆ ದಡದಲ್ಲಿ ಅದರಮ್ಮ ಕೂಗ್ತಿತ್ತು. ಅದಕ್ಕೇ ಅಷ್ಟು ದೂರ ನಡ್ಕೊಂಡು ಬಂದಿದ್ದು."



"ಆಮೇಲೆ?" ಎಂದ ಕೊಜೊ.

"ಸುಮ್ನಿರೋ. ಹೇಳ್ತಿದೀನಲ್ಲ."