ಒಂದು ಮನೆತನದ ತಲೆನೋವು

ಬೆಳಿಗ್ಗೆ ಐದೂವರೆ. ಕೋಲಾರ ಜಿಲ್ಲೆಯ ಕ್ಯಾಲನೂರು ಹತ್ತಿರದ ಸಣ್ಣ ಊರೊಂದರ ಹಾಲಿನ ಡೈರಿ. ಹೊರಗೆ ಕ್ಯಾನು, ಬಕೆಟ್ಟು, ತಂಬಿಗೆ ಹಿಡಿದವರ ಸಾಲು. ಒಳಗೆ ಮುನಿಲಕ್ಷ್ಮಿ ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬೊಬ್ಬರ ಹಾಲಿನಿಂದಲೂ ಸ್ವಲ್ಪ ತೆಗೆದು ಪರೀಕ್ಷೆಯ ಯಂತ್ರಕ್ಕೆ ಹಿಡಿಯುತ್ತಿದ್ದಾರೆ. ಕೋದಂಡರಾಮಪ್ಪನ ಹಾಲು ನೋಡಿ ಅವರ ಕೈ ನಿಲ್ಲುತ್ತದೆ.

"ತಾತ, ಹಸು ಕೆಚ್ಚಲು ಮುಟ್ಟಿ ನೋಡು. ಬಾವು ಶುರು ಆಗಂಗಿದೆ."

"ಅಯ್ಯೋ ದ್ಯಾವುಡಾ, ನಿನ್ನೆ ಚೆನ್ನಾಗಿತ್ತಲ್ಲಮ್ಮ!"

"ನಿನ್ನೆ ಚೆನ್ನಾಗಿತ್ತು. ಇವತ್ತು ಡಾಕ್ಟರನ್ನ ಕರ್ಸು."

ಹದಿನೇಳು ವರ್ಷದಿಂದ ಅವರದು ಇದೇ ಕೆಲಸ. ಬೆಳಿಗ್ಗೆ ನೂರ ಇಪ್ಪತ್ತಾರು ಮನೆಯ ಹಾಲು, ಸಂಜೆ ಮತ್ತೆ ಅಷ್ಟೇ. ಯುಗಾದಿಗೂ ರಜೆಯಿಲ್ಲ. ಅವರಿಗೀಗ ನಲವತ್ತೊಂದು. ಊರಿನವರಿಗೆ ಅವರು ಡೈರಿ ಲಕ್ಷ್ಮಮ್ಮ. ಎರಡು ವರ್ಷದಿಂದ ಅವರು ಮಾಡುತ್ತಿರುವ ಇನ್ನೊಂದು ಕೆಲಸ ಏನೆಂದು ಊರಲ್ಲಿ ಬಹಳ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ಅದನ್ನು ಕೇಳಿ ಬರೆಯಲೆಂದೇ ನಾನು ಬಂದಿದ್ದೇನೆ.

ತಲೆನೋವು ಶುರುವಾದಾಗ ಮುನಿಲಕ್ಷ್ಮಿಗೆ ಇಪ್ಪತ್ತೆಂಟು. "ಮೊದಲು ಕಣ್ಣ ಮುಂದೆ ಗರಗಸದ ಹಲ್ಲಿನ ತರ ಬೆಳಕು ಓಡುತ್ತೆ ಸಾರ್. ಬಲಗೈ ಜುಮ್ಮನ್ನುತ್ತೆ. ಅರ್ಧ ಗಂಟೆ ಆದ್ಮೇಲೆ ಒಂದ್ಪಕ್ಕ ತಲೆ ಸಿಡಿದು ಹೋಗುತ್ತೆ. ನಮ್ಮಮ್ಮಂಗೂ ಹಂಗೇ ಬರ್ತಿತ್ತು, ಚಿಕ್ಕಮ್ಮಂಗೂ ಬರ್ತಿತ್ತು. ಮನೆ ನೋವು ಅಂತ ಶುಂಠಿ ತೇದು ಹಚ್ಕೊಂಡು ಸುಮ್ನಾಗ್ತಿದ್ವಿ."

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಯಂತ್ರದ ಮುಂದೆ ನಿಂತಾಗಲೇ ಅವರ ಮಾತು ನಿಂತುಹೋಯಿತು. ಸಂಜೆಯಾದರೂ ಬರಲಿಲ್ಲ. ಗಂಡ ವೇಣುಗೋಪಾಲ್ ಕೋಲಾರಕ್ಕೆ ಕರೆದೊಯ್ದರು. ಅಲ್ಲಿಯವರು ಬೆಂಗಳೂರಿಗೆ ಕಳಿಸಿದರು. ಮೂರನೇ ದಿನ ಮಾತು ಮರಳಿತು. ಬೆಂಗಳೂರಿನ ನರರೋಗ ವೈದ್ಯೆ ಮಿದುಳಿನ ಸ್ಕ್ಯಾನ್ ನೋಡಿ, ಹೆಸರು ನೋಡಿ, ಮತ್ತೆ ಇವರ ಮುಖ ನೋಡಿದರು.

"ಇದು ನಿಮ್ದೇನಾ? ಯಾರಾದ್ರೂ ವಯಸ್ಸಾದವರ ಸ್ಕ್ಯಾನ್ ಅದಲುಬದಲು ಆಗಿದ್ಯಾ?"

ಮೂವತ್ತೊಂಬತ್ತರ ಹೆಂಗಸಿನ ಮಿದುಳಿನ ತುಂಬ ಎಪ್ಪತ್ತೈದು ದಾಟಿದವರಲ್ಲಿ ಕಾಣುವಂಥ ಬಿಳಿ ಮಚ್ಚೆಗಳು. ಮನೆಯಲ್ಲಿ ಯಾರಿಗೆ ಏನಾಗಿತ್ತು ಎಂದು ವೈದ್ಯೆ ಕೇಳುತ್ತ ಹೋದರು. ತಾಯಿ ದೊಡ್ಡಮುನಿಯಮ್ಮನಿಗೆ ನಲವತ್ತೊಂಬತ್ತಕ್ಕೆ ಲಕ್ವ. ಸೋದರಮಾವ ಚಿಕ್ಕವೆಂಕಟಪ್ಪನಿಗೆ ನಲವತ್ತೇಳಕ್ಕೆ. ಚಿಕ್ಕಮ್ಮ ಬಚ್ಚಮ್ಮನಿಗೆ ನಲವತ್ತಾರಕ್ಕೆ. ಅಜ್ಜನೂ ಹಾಗೆಯೇ ಹೋದದ್ದು.

"ಡಾಕ್ಟ್ರಮ್ಮ ಒಂದು ಹಾಳೆ ಮೇಲೆ ಒಬ್ಬೊಬ್ಬರಿಗೂ ಒಂದು ಗುಂಡು ಬರೆದು, ಲಕ್ವ ಆದೋರ್ದನ್ನ ಕಪ್ಪು ಮಾಡ್ತಾ ಹೋದ್ರು. ನಾನು ನೋಡ್ತಾ ಕೂತಿದ್ದೆ. ನಮ್ಮೋರೆಲ್ಲ ಆ ಹಾಳೆ ಮೇಲೆ ಕಪ್ಪಾಗ್ಬಿಟ್ರು ಸಾರ್."

ರಕ್ತ ಪರೀಕ್ಷೆಯಲ್ಲಿ ಕಾಯಿಲೆಯ ಹೆಸರು ಸಿಕ್ಕಿತು: ಕ್ಯಾಡಸಿಲ್. ಮಿದುಳಿನ ಸಣ್ಣ ರಕ್ತನಾಳಗಳು ಒಳಗೊಳಗೇ ಕೆಡುವ, ವಂಶದಲ್ಲಿ ಇಳಿದುಬರುವ ಅಪರೂಪದ ಕಾಯಿಲೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಎಷ್ಟೋ ಜನರಲ್ಲಿ ಮೊದಲು ಕಾಣಿಸುವುದು ಇಂಥ ಅರೆತಲೆನೋವೇ. ಲಕ್ವ, ಮರೆವು, ಬದಲಾದ ಸ್ವಭಾವ ಆಮೇಲಿನವು. ಬೇರು ಸಮೇತ ಕೀಳುವ ಔಷಧಿಯಿಲ್ಲ. ಬಿ.ಪಿ. ಹಿಡಿತದಲ್ಲಿಟ್ಟು, ಬೀಡಿ ಸಿಗರೇಟು ಬಿಟ್ಟರೆ ಮುಂದೂಡಬಹುದು. ಅರೆತಲೆನೋವಿನವರೆಲ್ಲ ಹೆದರಬೇಕಿಲ್ಲ, ಲಕ್ಷಾಂತರ ಜನರಲ್ಲಿ ಅದು ಬರೀ ತಲೆನೋವೇ ಎಂದೂ ವೈದ್ಯೆ ಹೇಳಿದರು.

ಮುನಿಲಕ್ಷ್ಮಿಗೆ ಆಘಾತವಾದದ್ದು ತನ್ನ ಸ್ಕ್ಯಾನ್ ನೋಡಿ ಅಲ್ಲ, ತಾಯಿಯನ್ನು ನೆನೆದು. ಲಕ್ವ ಹೊಡೆದ ಮೇಲೆ ಅವರ ತಾಯಿ ಸುಮ್ಮಸುಮ್ಮನೆ ನಗುತ್ತಿದ್ದರು, ಬಂದವರನ್ನು ಬೈಯುತ್ತಿದ್ದರು. ಗಾಳಿ ಸೋಕಿದೆ ಎಂದು ಮನೆಯವರು ಮಂತ್ರ ಹಾಕುವವನನ್ನು ಕರೆಸಿದರು.

"ಬೇವಿನ ಬರಲಲ್ಲಿ ಹೊಡೆದ ಸಾರ್. ಅಮ್ಮ ಕೂಗ್ತಿದ್ಲು. ಎರಡೂ ಕೈ ಹಿಡ್ಕೊಂಡಿದ್ದು ನಾನೇ." ಮುನಿಲಕ್ಷ್ಮಿ ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾರೆ. "ಅದು ಕಾಯಿಲೆ ಅಂತ ಒಬ್ರಾದ್ರೂ ಹೇಳಿದ್ರೆ ಹಿಡೀತಿದ್ನಾ? ಅದಕ್ಕೇ ನಾನು ಎಲ್ಲರಿಗೂ ಹೇಳೋಕೆ ಹೊರಟೆ."

ಬೆಳಗಿನ ಹಾಲು ಮುಗಿಸಿ ಬಸ್ ಹತ್ತಿ, ಸಂಜೆಯ ಹಾಲಿಗೆ ವಾಪಸ್. ಹೀಗೆ ಮಾಲೂರು, ಗೌನಿಪಲ್ಲಿ, ಮುಳಬಾಗಿಲು ಕಡೆಯ ಏಳು ನೆಂಟರ ಮನೆಗಳಿಗೆ ಹೋದರು. ಎರಡು ಕಡೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಊರಲ್ಲೇ ಇರುವ ಬಚ್ಚಮ್ಮನ ಮಗ ಉದಯಕುಮಾರ್ ಡೈರಿಯ ಸಾಲಿನಲ್ಲೇ ಕೂಗಾಡಿದ. ತಂಗಿ ಮೇಘನಳಿಗೆ ಸಂಬಂಧ ಕೂಡಿಬಂದಿದ್ದ ಸಮಯ ಅದು.

"ಹುಚ್ಚು ಕಾಯಿಲೆ ಅಂತ ಸಾರ್ಕೊಂಡು ಬಂದು ನನ್ ತಂಗಿ ಮದುವೆ ಕೆಡಿಸ್ಬೇಕು ಅಂತಿದ್ದೀಯಾ? ಇನ್ನೊಂದ್ಸಲ ನಮ್ಮನೆ ಹೊಸಿಲು ತುಳೀಬೇಡ!"

"ನಿಂಗೂ ತಲೆ ನೋಯುತ್ತೆ ಅಲ್ವೇನೋ?" ಎಂದು ಕೇಳಿದರು ಮುನಿಲಕ್ಷ್ಮಿ. ಅವನು ಕ್ಯಾನ್ ಎತ್ತಿಕೊಂಡು ಹೋದ. ಅಂದಿನಿಂದ ಹಾಲು ತರುತ್ತಿದ್ದುದು ಅವನ ಹೆಂಡತಿ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಉದಯಕುಮಾರನೇ ಬಂದ. ಹನ್ನೆರಡು ಲೀಟರ್ ಹಾಲಿದ್ದ ಕ್ಯಾನನ್ನು ಮೇಜಿನ ಮೇಲಿಡಲು ಹೋಗಿ, ಒಂದು ಮೊಳ ಆಚೆಗೆ, ಬರೀ ಗಾಳಿಯಲ್ಲಿ ಕೈಬಿಟ್ಟ. ಹಾಲೆಲ್ಲ ನೆಲಕ್ಕೆ. ಸಾಲಿನಲ್ಲಿದ್ದವರು ನಕ್ಕರು. "ಬೆಳಿಗ್ಗೆನೇ ಹಾಕ್ಕೊಂಡು ಬಂದವ್ನೆ" ಎಂದರು.

ಅವನು ನಗಲಿಲ್ಲ. "ಅಕ್ಕಾ, ಈ ಪಕ್ಕ ಏನೂ ಕಾಣ್ತಿಲ್ಲ. ಬರೀ ಬೆಳಕು ಕುಣೀತೈತೆ."

ಮುನಿಲಕ್ಷ್ಮಿ ಯಂತ್ರ ನಿಲ್ಲಿಸಿದರು. ಸಾಲು ನಿಂತಲ್ಲೇ ನಿಂತಿತು. ಹಾಲಿನ ವ್ಯಾನಿನಲ್ಲಿ ಅವನನ್ನು ಕೂರಿಸಿಕೊಂಡು ಕೋಲಾರಕ್ಕೆ ಹೊರಟರು. ಸ್ಕ್ಯಾನ್ ಹೇಳಿದ್ದು ಇನ್ನೊಂದು ಆಘಾತ: ಇಷ್ಟರಲ್ಲೇ ಎರಡು ಸಣ್ಣ ಲಕ್ವ, ಕೈಕಾಲು ಬೀಳದ ಮಿದುಳಿನ ಪೆಟ್ಟುಗಳು, ಅವನಿಗೇ ಗೊತ್ತಾಗದಂತೆ ಬಂದು ಹೋಗಿದ್ದವು. ಅವನ ವಯಸ್ಸು ಮೂವತ್ತನಾಲ್ಕು.

ಉದಯಕುಮಾರ್ ಅಂದೇ ಬೀಡಿ ಬಿಟ್ಟ. ಮೇಘನ ತಾನೇ ಗಂಡಿನ ಮನೆಯವರಿಗೆ ವಿಷಯ ಹೇಳಿದಳು. ಅವರು ಹಿಂದೆ ಸರಿದರು. ಈಗ ಮುನಿಲಕ್ಷ್ಮಿ ಹೋದರೆ ಅವಳು ಕಾಫಿ ತಂದಿಟ್ಟು ಮಾತಿಲ್ಲದೆ ಒಳಗೆ ಹೋಗುತ್ತಾಳೆ. "ಅವಳ ಸಿಟ್ಟು ನ್ಯಾಯವಾದ್ದೇ" ಎನ್ನುತ್ತಾರೆ ಇವರು.

ಇದುವರೆಗೆ ಒಂಬತ್ತು ನೆಂಟರು ಪರೀಕ್ಷೆ ಮಾಡಿಸಿದ್ದಾರೆ. ನಾಲ್ವರಲ್ಲಿ ಕಾಯಿಲೆ ಇದೆ. ಅವರಿಗೆಲ್ಲ ವಾರಕ್ಕೊಮ್ಮೆ ಫೋನ್ ಮಾಡಿ ಮಾತ್ರೆ ತಗೊಂಡ್ರಾ ಎಂದು ವಿಚಾರಿಸುವುದು ಮುನಿಲಕ್ಷ್ಮಿಯ ಪಾಲಿನ ಕೆಲಸ. ಇಪ್ಪತ್ತು ವರ್ಷದ ಮಗಳು ಶ್ವೇತ ಮಾತ್ರ ಸದ್ಯಕ್ಕೆ ಪರೀಕ್ಷೆ ಬೇಡ ಎಂದಿದ್ದಾಳೆ. "ಅದು ಅವಳಿಷ್ಟ. ನಾನು ಕೇಳಲ್ಲ. ತಲೆ ಬಾಚ್ವಾಗ ಮಾತ್ರ ಕೈ ಸ್ವಲ್ಪ ಹೊತ್ತು ಹಂಗೇ ನಿಂತುಬಿಡುತ್ತೆ."

ಬೆಳಗಿನ ಸಾಲು ಕರಗಿದೆ. ಪಾತ್ರೆಗಳಿಗೆ ಬಿಸಿನೀರು ಸುರಿಯುತ್ತಿದ್ದ ಮುನಿಲಕ್ಷ್ಮಿಯನ್ನು ನಿಮಗೇನು ಬೇಕು ಎಂದು ಕೇಳುತ್ತೇನೆ. ಸರ್ಕಾರದ್ದೋ ಆಸ್ಪತ್ರೆಯದ್ದೋ ಏನಾದರೂ ಕೇಳಬಹುದೆಂದು ನಾನು ಕಾಯುತ್ತಿದ್ದೇನೆ.

"ಐವತ್ತು ದಾಟ್ಬೇಕು ಸಾರ್" ಎನ್ನುತ್ತಾರೆ. "ನಮ್ಮನೇಲಿ ಅದನ್ನ ಯಾರೂ ನೆಟ್ಟಗೆ ನಿಂತು ನೋಡಿಲ್ಲ. ಇನ್ನು ಒಂಬತ್ತು ವರ್ಷ. ಆವತ್ತು ಬೆಳಿಗ್ಗೆ ಬನ್ನಿ, ಇಲ್ಲೇ ಇರ್ತೀನಿ. ಲೇಟಾಗಿ ಬಂದ್ರೆ ಮಾತ್ರ ಯಂತ್ರ ತೊಳೆದಿಟ್ಟಿರ್ತೀನಿ."